ಡಿಪೋ ಎಂದು ಬರೆದ ಹತ್ತೊಂಬತ್ತು ತಿಂಗಳು

ನನ್ನ ಯಜಮಾನರು ಹತ್ತೊಂಬತ್ತು ತಿಂಗಳು ಕಡಲಾಚೆಯ ದೇಶದಲ್ಲಿ ಸೈನ್ಯದ ಲಾರಿ ಓಡಿಸಿ ಬಂದವರು. ನಮ್ಮೂರ ದಾಖಲೆ ಕಚೇರಿಯ ಪುಸ್ತಕದಲ್ಲಿ ಮಾತ್ರ ಆ ಹತ್ತೊಂಬತ್ತು ತಿಂಗಳೂ ಅವರು ಡಿಪೋದಲ್ಲಿದ್ದರು ಎಂದು ಬರೆದಿತ್ತು. ಅದನ್ನು ತಿದ್ದಿಸಲು ಇಪ್ಪತ್ತಾರು ವರ್ಷ ಹಿಡಿಯಿತು. ತಪ್ಪು ಬರೆದ ಗುಮಾಸ್ತ ಅಷ್ಟರಲ್ಲಿ ನಿವೃತ್ತನಾಗಿ, ಶಾಲು ಹಾರ ಹಾಕಿಸಿಕೊಂಡು ಮನೆಗೆ ಹೋಗಿ, ಮೊಮ್ಮಕ್ಕಳನ್ನು ಆಡಿಸಿ, ಸತ್ತೂ ಹೋದ. ನನ್ನ ಸಿಟ್ಟು ಈಗಲೂ ಇಳಿದಿಲ್ಲ. ಇಳಿಯಬೇಕೆಂಬ ಆಸೆಯೂ ನನಗಿಲ್ಲ.

ನಮ್ಮೂರಿನವರು ಊರು ಬಿಟ್ಟು ಎಲ್ಲಿಗೇ ಹೋಗಿ ಬಂದರೂ ಅದು ದಾಖಲೆ ಕಚೇರಿಯ ಪುಸ್ತಕದಲ್ಲಿರಬೇಕು. ಇಲ್ಲದಿದ್ದರೆ ಅಲ್ಲಿಯ ಮಾತು ಬಾಯಿಂದ ಹೊರಡುವುದಿಲ್ಲ. ಗಂಟಲ ಮಣಿ ಅಲ್ಲಾಡದೆ ನಿಂತುಬಿಡುತ್ತದೆ, ಬರೀ ಗಾಳಿ ಬರುತ್ತದೆ. ಬರೆಯಲು ಕೂತರೆ ಬೆರಳು ಮಡಚಿಕೊಳ್ಳುತ್ತವೆ. ಸನ್ನೆ ಮಾಡೋಣವೆಂದರೆ ಕೈ ಏಳುವುದಿಲ್ಲ, ತಲೆಯೂ ಆಡುವುದಿಲ್ಲ. ಹಾಗಾಗಿ ಮದುವೆಗೆ ಹೊರಟವರು ಉಡುಗೊರೆ ಕೊಳ್ಳುವ ಮೊದಲೇ ಕಚೇರಿಯ ಸಾಲಿನಲ್ಲಿ ನಿಂತು ಹೆಸರು ಬರೆಸುತ್ತಾರೆ. ನನ್ನ ಓರಗಿತ್ತಿ ಒಮ್ಮೆ ಅವಸರದಲ್ಲಿ ಹಾಗೇ ಹೋಗಿಬಂದು, ತಂಗಿಯ ಹೊಸ ಮನೆ ಹೇಗಿದೆಯೆಂದು ಕೇಳಿದ ಅತ್ತೆಯ ಮುಂದೆ ಬಾಯಿ ತೆರೆದುಕೊಂಡು ಕೂತಿದ್ದಳು. ಮಾರನೆಯ ದಿನ ಅತ್ತೆಯೇ ಹೋಗಿ ಅವಳ ಹೆಸರು ಬರೆಸಿ ಬಂದ ಮೇಲೆ ಮೂರು ದಿನ ಆ ಮನೆಯ ಅಡುಗೆಕೋಣೆಯೊಂದನ್ನೇ ವರ್ಣಿಸಿದಳು. ಕದ್ದು ಓಡಾಡುವವರು ಮಾತ್ರ ಬರೆಸುವುದಿಲ್ಲ. ಆದ್ದರಿಂದ ಯಾರಿಗಾದರೂ ದನಿ ಕಟ್ಟಿತೆಂದರೆ ಊರು ಅರ್ಥ ಮಾಡಿಕೊಳ್ಳುವುದು ಒಂದೇ ರೀತಿ. ಈ ಮನುಷ್ಯ ಎಲ್ಲೋ ಹೋಗಬಾರದ ಕಡೆ ಹೋಗಿದ್ದಾನೆ.

ಸೈನ್ಯಕ್ಕೆ ಸೇರಿದವರ ಪುಸ್ತಕವೂ ಅದೇ ಕಚೇರಿಯಲ್ಲಿದೆ. ಮೂರು ತಿಂಗಳಿಗೊಮ್ಮೆ ಸೈನ್ಯದಿಂದ ಪಟ್ಟಿ ಬರುತ್ತದೆ. ಯಾರು ಎಲ್ಲಿದ್ದಾರೆಂದು ನೋಡಿ ಅವರವರ ಪುಟದಲ್ಲಿ ಬರೆಯುವುದು ಗುಮಾಸ್ತನ ಕೆಲಸ. ಇಷ್ಟೇ ಕೆಲಸ.

ನನ್ನ ಯಜಮಾನರ ಹೆಸರು ದೊರೆಸ್ವಾಮಿ. ನಮ್ಮ ಮದುವೆಯಾಗಿ ಆರು ತಿಂಗಳಿಗೆ ಅವರು ರಜೆ ಮುಗಿಸಿ ಹೊರಟರು. ಜೊತೆಗೆ ಪಕ್ಕದ ಬೀದಿಯ ಭೈರೇಶ. ಇಬ್ಬರೂ ಒಂದೇ ದಿನ ಸೈನ್ಯಕ್ಕೆ ಸೇರಿದವರು, ಇಬ್ಬರೂ ಲಾರಿ ಚಾಲಕರು. ಭೈರೇಶನಿಗೆ ಇದ್ದದ್ದು ತಾಯಿ ಹೊನ್ನಮ್ಮ ಒಬ್ಬರೇ. ಡಿಪೋ ಮುಟ್ಟಿದೆವೆಂದು ಇಬ್ಬರಿಂದಲೂ ಒಂದೊಂದು ಕಾಗದ ಬಂತು. ಆಮೇಲೆ ನನಗೆ ಬಂದದ್ದು ಬಿಳಿ ಹಾಳೆಗಳು. ಲಕೋಟೆಯ ಮೇಲೆ ನನ್ನ ವಿಳಾಸ ಅವರದೇ ಅಕ್ಷರದಲ್ಲಿ, ಸೈನ್ಯದ ಅಂಚೆಯ ಮುದ್ರೆಯಲ್ಲಿ ಒಂದು ಸಂಖ್ಯೆ. ಒಳಗೆ ನಾಲ್ಕಾಗಿ ಮಡಚಿದ ಖಾಲಿ ಕಾಗದ. ಹದಿನೇಳು ಬಂದವು. ನಮ್ಮ ಅತ್ತೆ ಅವನ್ನು ನೋಡಿ, "ಅವ್ನು ಎಲ್ಲೋ ಇನ್ನೊಂದ್ ಸಂಸಾರ ಮಾಡ್ಕೊಂಡವ್ನೆ, ಅದಕ್ಕೇ ಬರ್ಯಕ್ಕೆ ಕೈ ಬರ್ತಿಲ್ಲ" ಅಂದರು. ಹೆತ್ತ ತಾಯಿಯೇ ಹಾಗಂದರೆ ಇಪ್ಪತ್ತೆರಡು ವರ್ಷದ ನಾನು ಏನೆಂದುಕೊಳ್ಳಲಿ?

ಹತ್ತೊಂಬತ್ತು ತಿಂಗಳ ಮೇಲೆ ಅವರು ಮನೆಗೆ ಬಂದಾಗ ಬಾಗಿಲಲ್ಲೇ ನಿಲ್ಲಿಸಿ ಕೇಳಿದೆ.

"ಎಲ್ಲಿದ್ರಿ?"

ಬಾಯಿ ತೆರೆದರು. ಗಂಟಲು ನಿಂತಿತು. ಕಣ್ಣಲ್ಲಿ ನೀರು ತುಂಬಿತು, ಮಾತು ಬರಲಿಲ್ಲ. ನಾನು ಆ ಹದಿನೇಳು ಹಾಳೆಗಳನ್ನೂ ಅವರ ಮುಖದ ಮೇಲೆ ಎಸೆದೆ. ಅದನ್ನು ನೆನೆದರೆ ಈಗಲೂ ನನ್ನ ಕೈಯನ್ನು ನಾನೇ ಕತ್ತರಿಸಿಕೊಳ್ಳಬೇಕೆನಿಸುತ್ತದೆ. ಆದರೆ ಆ ಕೈಯಿಂದ ಹಾಗೆ ಮಾಡಿಸಿದ್ದು ಯಾರು? ಕಚೇರಿಗೆ ಹೋಗಿ ವಿಚಾರಿಸಿದ್ದೆ ನಾನು. ಪುಸ್ತಕ ತಿರುವಿ, "ಡಿಪೋದಲ್ಲೇ ಇದ್ದಾರಲ್ಲಮ್ಮ, ಏನೂ ಚಿಂತೆ ಬೇಡ" ಎಂದು ನಕ್ಕಿದ್ದರು. ಡಿಪೋದ ಮಾತು ಕೇಳಿದರೆ ಅವರಿಗೆ ದನಿ ಬರುತ್ತಿತ್ತು. ಆದರೆ ಹೇಳಲು ಅಲ್ಲಿಯದು ಏನೂ ಇರಲಿಲ್ಲ.

ಮಾರನೆಯ ಬೆಳಗ್ಗೆ ಹೊನ್ನಮ್ಮ ಬಂದರು. "ದೊರೆ, ನನ್ ಮಗ ಎಲ್ಲಪ್ಪ? ನಿನ್ ಜೊತೇಲೇ ಇದ್ದನಲ್ಲ?" ಎಂದರು. ಇವರು ಮತ್ತೆ ಬಾಯಿ ತೆರೆದು ನಿಂತರು. ಆಕೆ ಸೆರಗಿನಿಂದ ತಮ್ಮ ಬಾಯಿಯನ್ನೇ ಮುಚ್ಚಿಕೊಂಡು ಹೊರಟುಹೋದರು. ವಾರದೊಳಗೆ ಕಚೇರಿಯಿಂದ ಅವರಿಗೆ ಚೀಟಿ ಬಂತು. ಭೈರೇಶ ಡಿಪೋದಿಂದ ಓಡಿಹೋಗಿದ್ದಾನೆ, ಎಲ್ಲಿದ್ದಾನೆಂದು ಗೊತ್ತಾದರೆ ತಿಳಿಸತಕ್ಕದ್ದು. ಅಂದಿನಿಂದ ಊರಿನಲ್ಲಿ ಅವರು ಓಡಿಹೋದವನ ತಾಯಿ. ನೀರಿಗೆ ಹೋದರೆ ಕೊಡ ಮುಂದೆ ಬಿಡುತ್ತಿರಲಿಲ್ಲ, ಮದುವೆ ಮನೆಯಲ್ಲಿ ಎಲೆ ಕೊನೆಗೆ. ಅವರು ಮಗನಿಗಾಗಿ ಹಿತ್ತಿಲ ಬಾಗಿಲಿಗೆ ಅಗುಳಿ ಹಾಕುವುದನ್ನು ಬಿಟ್ಟರು. ಓಡಿಹೋದವನು ಮುಂಬಾಗಿಲಿಂದ ಬರುವುದಿಲ್ಲವಲ್ಲ.

ಆಮೇಲೆ ಇವರು ಒಂಬತ್ತು ವರ್ಷ ಸೈನ್ಯದಲ್ಲಿದ್ದು ಮನೆಗೆ ಬಂದರು. ನಾವು ಹಿಟ್ಟಿನ ಗಿರಣಿ ಹಾಕಿದೆವು. ಇವರು ಯಂತ್ರ ನೋಡಿಕೊಂಡರೆ ನಾನು ಡಬ್ಬಗಳ ಸಾಲು ನೋಡಿಕೊಳ್ಳುತ್ತಿದ್ದೆ. ವಾರಕ್ಕೊಮ್ಮೆ ಹೊನ್ನಮ್ಮ ರಾಗಿ ತರುತ್ತಿದ್ದರು. ಹಿಟ್ಟು ಬೀಳುವಷ್ಟು ಹೊತ್ತೂ ಇವರ ಮುಖವನ್ನೇ ನೋಡುತ್ತಾ ನಿಲ್ಲುತ್ತಿದ್ದರು. ಗೆಳೆಯನ ಗುಟ್ಟು ಕಾಪಾಡುತ್ತಿದ್ದಾನೆಂದು ಅವರ ಎಣಿಕೆ. ಇವರು ತಲೆ ತಗ್ಗಿಸಿ ಯಂತ್ರದ ಪಟ್ಟಿ ಬಿಗಿಮಾಡುತ್ತಿದ್ದರು. ಬಿಗಿಯಾಗಿದ್ದ ಪಟ್ಟಿಯನ್ನೇ.

ದಾಖಲೆ ಕಚೇರಿಗೆ ಇವರು ಆರು ಸಲ ಹೋಗಿದ್ದರು. ಆರು ಸಲವೂ ಮೇಜಿನ ಮುಂದೆ ಬಾಯಿ ಬಿಟ್ಟುಕೊಂಡು ನಿಂತು ಬಂದರು. ಹೊಸದಾಗಿ ಬರೆಸುವುದಾದರೆ ಮನೆಯವರೇ ಸಾಕು, ಆದರೆ ಬರೆದದ್ದನ್ನು ಹೋದವರೇ ಹೇಳಿಕೆ ಕೊಡದೆ ತಿದ್ದುವಂತಿಲ್ಲ. ತಿದ್ದದೆ ಹೇಳಿಕೆ ಕೊಡಲಾಗುವುದಿಲ್ಲ. ಇದರಲ್ಲಿ ಏನೋ ಸರಿಯಿಲ್ಲವೆಂದು ಆ ಕಚೇರಿಯಲ್ಲಿ ಕೂತ ಒಬ್ಬ ಮಹಾನುಭಾವನಿಗೂ ಅನ್ನಿಸಲಿಲ್ಲ.

ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಬಿಳಿ ಗಡ್ಡದ ಎತ್ತರದ ಮನುಷ್ಯರೊಬ್ಬರು ಗಿರಣಿಯ ಮುಂದೆ ನಿಂತರು. ಇವರ ಹಳೆಯ ಸುಬೇದಾರರು, ಮಕ್ತುಂಸಾಬರು. ದೂರದ ಊರಿನವರು. ಮಗಳ ಮನೆಗೆ ಹೋಗುವ ದಾರಿಯಲ್ಲಿ ನೆನಪಾಗಿ ಇಳಿದಿದ್ದರು.

"ಏನೋ ದೊರೆಸ್ವಾಮಿ, ಹಿಟ್ಟಿನಾಗ ಮುಳುಗಿ ಮುದುಕ ಆಗಿಬಿಟ್ಟಿ! ಮರುಂಬಾದಾಗ ನೀ ಕೆಸರಿನಾಗಿಂದ ನನ್ನ ಜೀಪು ಎತ್ತಿದ್ದು ನೆನಪೈತೇನು?"

ನಾನು ಯಂತ್ರ ನಿಲ್ಲಿಸಿದೆ. "ಎಲ್ಲಿ?" ಎಂದೆ.

"ಮರುಂಬಾ, ತಂಗಿ. ಕಡಲಾಚೆ. ಎರಡು ಸಲ ಹೋಗಿದ್ವಲ್ಲ, ಒಮ್ಮೆ ಹನ್ನೊಂದು ತಿಂಗಳು, ಒಮ್ಮೆ ಎಂಟು. ಅವರವರೊಳಗ ಬಡಿದಾಡಿಕೊಂಡು ಜನಾ ಗುಡಾರದಾಗ ಬಿದ್ದಿದ್ರು. ಅವರಿಗೆ ನೀರು, ಹಿಟ್ಟು ಸಾಗಿಸೋದು ನಮ್ಮ ಕೆಲಸ. ಎರಡನೇ ಸಲ ನನಗ ಜ್ವರಾ ಬಂದು ಎರಡು ತಿಂಗಳಿಗೇ ವಾಪಸ್ ಕಳಿಸಿಬಿಟ್ರು. ಇಂವ ನಿಮಗ ಹೇಳಿಲ್ಲೇನು?" ಎನ್ನುತ್ತಾ ಇವರ ಕಡೆ ತಿರುಗಿದರು. "ಆ ನಮ್ಮ ಭೈರೇಶ ಎಲ್ಲಿದ್ದಾನೋ? ಹೆಂಗಿದ್ದಾನ?"

ಇವರು ಗೋಡೆಗೆ ಒರಗಿ ಕುಸಿದು ಕೂತರು. ಅವರ ಮುಖದಲ್ಲೇ ನನಗೆ ಉತ್ತರ ಸಿಕ್ಕಿತು. ಸುಬೇದಾರರಿಗೂ ಸಿಕ್ಕಿರಬೇಕು, ಟೋಪಿ ತೆಗೆದು ಕೈಯಲ್ಲಿ ಹಿಡಿದರು.

ಆ ದಿನ ನಾನು ಲಕೋಟೆಗಳನ್ನು ಪೆಟ್ಟಿಗೆಯಿಂದ ತೆಗೆದು ತೋರಿಸಿದೆ. ಮುದ್ರೆಯ ಸಂಖ್ಯೆ ಮರುಂಬಾದ ಸೈನ್ಯದ ಅಂಚೆಯದೇ ಎಂದು ಅವರು ಬರೆದು ಸಹಿ ಹಾಕಿಕೊಟ್ಟರು. ಅವರು ಹೋದ ಮೇಲೆ ನಾನು ಮನೆಯೊಳಗೆ ಕೂತು "ಮರುಂಬಾ, ಮರುಂಬಾ" ಎಂದು ಹೇಳಿಕೊಂಡೆ. ಸಲೀಸಾಗಿ ಬಂತು. ನಾನು ಹೋಗಿಲ್ಲವಲ್ಲ, ನನ್ನ ಗಂಟಲಿಗೇನು ತಡೆ? "ನೀವೂ ಒಂದ್ಸಲ ಅನ್ರಿ" ಎಂದೆ. ಅವರಿಗೆ ಮೊದಲಕ್ಷರವೇ ಏಳಲಿಲ್ಲ. ಆಗ ನನಗೆ ಹೊಳೆಯಿತು. ಇಷ್ಟು ವರ್ಷ ಕಚೇರಿಯವರು ಯಾವ ಸಾಕ್ಷಿಯಿಲ್ಲ ಎನ್ನುತ್ತಿದ್ದರೋ ಅದೇ ಸಾಕ್ಷಿ, ಈ ಕಟ್ಟಿದ ದನಿಯಾಗಿ, ಅವರ ಮುಂದೆ ಆರು ಸಲ ಬಂದು ನಿಂತಿತ್ತು.

ಹೊನ್ನಮ್ಮನಿಗೆ ನಾನು ಆಗಲೇ ಹೇಳಲಿಲ್ಲ. ಮುಖ ನೋಡಿ ತಿಳಿದುಕೊಂಡದ್ದನ್ನು ಒಬ್ಬ ತಾಯಿಗೆ ಹೇಗೆ ಹೇಳುವುದು? ಕಣ್ಣಾರೆ ಕಂಡವರ ಬಾಯಿಂದಲೇ ಅದು ಬರಬೇಕಿತ್ತು.

ಅರ್ಜಿಯನ್ನು ನಾನೇ ಬರೆದೆ. ಕಚೇರಿಯ ಅಧಿಕಾರಿ ಪದ್ಮನಾಭಯ್ಯ ಅದನ್ನು ಹಿಂದೆ ಮುಂದೆ ತಿರುಗಿಸಿದರು.

"ಅರ್ಜಿದಾರರ ಸಹಿ ಎಲ್ಲಮ್ಮ?"

"ಸಹಿ ಹಾಕಕ್ಕೆ ಹೋದ್ರೆ ಬೆರಳು ಮಡಚ್ಕೊಳ್ತವೆ ಸ್ವಾಮಿ. ಅದೇ ತಾನೆ ನಮ್ಮ ತೊಂದರೆ?"

"ಹಾಗಾದರೆ ಸಹಿಯಿಲ್ಲದ ಅರ್ಜಿ. ತೆಗೆದುಕೊಳ್ಳೋಕೆ ಬರಲ್ಲ."

"ಸುಬೇದಾರ್ರ ಕಾಗದ ಇದೆಯಲ್ಲ?"

"ಅವರು ನಮ್ಮೂರಿನವರಲ್ಲ."

"ಲಕೋಟೆಗಳು?"

"ಒಳಗೆ ಏನೂ ಬರೆದಿಲ್ಲವಲ್ಲಮ್ಮ. ನಮ್ಮ ಪುಸ್ತಕ ತಪ್ಪಾಗಿದ್ದರೆ ನಿಮ್ಮವರೇ ಬಾಯಿಬಿಟ್ಟು ಹೇಳಲಿ, ಈಗಿಂದೀಗಲೇ ಬರೆದುಕೊಳ್ತೀವಿ. ಹೇಳ್ತಿಲ್ಲ ಅಂದರೆ ಏನರ್ಥ?"

ಅದನ್ನು ಹೇಳುವಾಗ ಆತನ ದನಿಯಲ್ಲಿ ಕೊಂಕು ಕೂಡ ಇರಲಿಲ್ಲ. ಪ್ರಾಮಾಣಿಕವಾಗಿ ಹೇಳುತ್ತಿದ್ದರು. ನನಗೆ ಮೈ ಉರಿದದ್ದು ಅದಕ್ಕೇ. ಕೆಟ್ಟವರಾಗಿದ್ದರೆ ಬೈದು ಬರಬಹುದಿತ್ತು.

"ಸರಿ. ಹೇಳಿಕೆ ಕೊಡಕ್ಕೆ ದಿನ ಕೊಡಿ" ಎಂದೆ. ಐದು ತಿಂಗಳ ಆಚೆಗೆ ಕೊಟ್ಟರು.

ಆ ದಿನ ಬೆಳಗ್ಗೆ ಹತ್ತೂವರೆಗೆ ಕಚೇರಿ ತುಂಬಿತ್ತು. ತವರಿಗೆ ಹೊರಟ ಹೆಂಗಸರು, ಜಾನುವಾರು ಸಂತೆಗೆ ಹೊರಟವರು, ಮಗನಿಗೆ ಹೆಣ್ಣು ನೋಡಲು ಹೊರಟ ಒಂದು ದೊಡ್ಡ ಗುಂಪು. ನಾನು ಐದು ಚೀಟಿ ಬರೆದುಕೊಂಡು ಹೋಗಿದ್ದೆ. ನಾಲ್ಕರಲ್ಲಿ ಭೂಪಟ ನೋಡಿ ಬರೆದ ದೂರದೂರದ ಊರುಗಳು, ಒಂದರಲ್ಲಿ ಮರುಂಬಾ. ಮೊದಲು ಅಧಿಕಾರಿಯ ಕೈಗೇ ಕೊಟ್ಟು ಗಟ್ಟಿಯಾಗಿ ಓದಿ ಎಂದೆ. ಏನೋ ವಿನೋದವೆಂಬಂತೆ ಐದನ್ನೂ ಓದಿದರು. ಜವಾನ ಓದಿದ. ಗುಮಾಸ್ತೆ ಲಲಿತಾಕ್ಷಿ ಓದಿದಳು. ಸಾಲಿನಲ್ಲಿದ್ದ ಹೆಂಗಸೊಬ್ಬಳು ಅಕ್ಷರ ಕೂಡಿಸಿಕೊಂಡು ಓದಿದಳು. ಯಾರಿಗೂ ಏನೂ ಆಗಲಿಲ್ಲ. ಆಮೇಲೆ ಚೀಟಿಗಳನ್ನು ಇವರ ಕೈಗೆ ಕೊಟ್ಟೆ. ಮೊದಲ ಊರು ಸ್ಪಷ್ಟವಾಗಿ ಬಂತು. ಎರಡನೆಯದು ಬಂತು. ಮೂರನೆಯದು ಮರುಂಬಾ.

ದನಿ ಕಟ್ಟುವುದನ್ನು ನಮ್ಮೂರಿನವರು ಹುಟ್ಟಿದಾಗಿನಿಂದ ಕಂಡಿದ್ದಾರೆ. ಅದರಲ್ಲಿ ನಟನೆ ನಡೆಯುವುದಿಲ್ಲ. ಗಂಟಲ ಮಣಿ ನಿಂತಿತು, ಕತ್ತಿನ ನರ ಉಬ್ಬಿತು, ಚೀಟಿ ಹಿಡಿದ ಬೆರಳು ಬಿಳುಚಿತು. ಆ ಚೀಟಿ ಪಕ್ಕಕ್ಕಿಟ್ಟು ಮುಂದಿನ ಎರಡನ್ನು ಕೊಟ್ಟೆ. ಅವೂ ಸ್ಪಷ್ಟವಾಗಿ ಬಂದವು.

"ನೋಡಿ ಸ್ವಾಮಿ" ಎಂದೆ. ಗಿರಣಿಯ ಸದ್ದಿನ ಮೇಲೆ ಕೂಗಿ ಕೂಗಿ ನನ್ನ ಗಂಟಲು ದೊಡ್ಡದು. ಅಂದು ಅದನ್ನು ತಗ್ಗಿಸಲು ನಾನು ಪ್ರಯತ್ನವನ್ನೂ ಮಾಡಲಿಲ್ಲ. "ಹೋಗದೇ ಇದ್ದೋರೆಲ್ಲ ಆ ಊರ ಹೆಸರು ಹೇಳಿದ್ರಿ. ಹೋಗಿ ಬಂದೋರಿಗೆ ಮಾತ್ರ ದನಿ ಕಟ್ತು. ಇವ್ರು ಡಿಪೋದಲ್ಲಿದ್ದಿದ್ರೆ ಮರುಂಬಾ ಅನ್ನಕ್ಕೆ ಏನ್ ಅಡ್ಡಿ? ಇಪ್ಪತ್ತೈದು ವರ್ಷದಿಂದ ಈ ಮೇಜಿನ ಮುಂದೆ ಈ ಮನುಷ್ಯ ಬಾಯಿ ಬಿಟ್ಕೊಂಡು ನಿಂತ್ರೆ ನಿಮ್ಮಲ್ಲಿ ಒಬ್ರಿಗಾದ್ರೂ ಯಾಕೆ ಅಂತ ಕೇಳ್ಬೇಕು ಅನ್ನಿಸ್ಲಿಲ್ವಾ?"

ಪದ್ಮನಾಭಯ್ಯ ಕನ್ನಡಕ ತೆಗೆದು ಒರೆಸಿದರು. "ಇಂಥ ಪರೀಕ್ಷೆಗೆ ನಿಯಮದಲ್ಲಿ ಅವಕಾಶ ಇಲ್ಲಮ್ಮ."

"ಅವಕಾಶ ಇಲ್ಲ ಅಂತಲೂ ನಿಯಮದಲ್ಲಿ ಇಲ್ಲ ಸರ್" ಎಂದಳು ಲಲಿತಾಕ್ಷಿ, ತಲೆಯೆತ್ತದೆ. ಎಲ್ಲರಿಗೂ ಕೇಳಿಸಿತು. ಹೆಣ್ಣು ನೋಡಲು ಹೊರಟ ಗುಂಪಿನ ಯಜಮಾನ ಮುಂದೆ ಬಂದು, "ನಾವೆಲ್ಲ ನೋಡಿದೀವಿ. ಬರ್ಕೊಳಿ. ನಾನು ಸಹಿ ಹಾಕ್ತೀನಿ" ಎಂದ. ಇಪ್ಪತ್ತೊಂದು ಜನ ಸಹಿ ಹಾಕಿದರು. ಇಷ್ಟಾದ ಮೇಲೂ ಪದ್ಮನಾಭಯ್ಯ ತಿದ್ದಲಿಲ್ಲ. ಮೇಲಿನವರಿಗೆ ಕಳಿಸುತ್ತೇನೆಂದರು. ಮೇಲಿನವರು ಏಳು ತಿಂಗಳು ಅದರ ಮೇಲೆ ಕೂತರು.

ಕೊನೆಗೂ ಆದೇಶ ಬಂದ ದಿನ ನಾವಿಬ್ಬರೂ ಹೋದೆವು. ಒಂದೇ ಒಂದು ಸಾಲು. ಡಿಪೋ ಎಂಬುದನ್ನು ಹೊಡೆದು, ಕಡಲಾಚೆ, ಮರುಂಬಾ, ಎರಡು ಅವಧಿ ಎಂದು ಬರೆಯತಕ್ಕದ್ದು. ತಪ್ಪಾಯಿತು ಎಂಬ ಮಾತು ಅದರಲ್ಲೆಲ್ಲೂ ಇರಲಿಲ್ಲ. ಲಲಿತಾಕ್ಷಿ ಹಳೆಯ ಪಟ್ಟಿಗಳನ್ನು ತೆಗೆದು ನೋಡಿ ನಮಗೆ ಹೇಳಿದಳು. ಆಗಿನ ಗುಮಾಸ್ತ ಹೊಸ ಪಟ್ಟಿ ಬಿಚ್ಚುವುದರ ಬದಲು ಹಳೆಯ ಪಟ್ಟಿಯನ್ನೇ ಏಳು ಸಲ ನಕಲು ಮಾಡಿದ್ದ. ಹೊಸವು ದಾರ ಕೂಡ ಬಿಚ್ಚದೆ ಬೀರುವಿನಲ್ಲಿದ್ದವು. ಇಷ್ಟೇ ನಡೆದದ್ದು. ದ್ವೇಷವಿಲ್ಲ, ಸಂಚಿಲ್ಲ. ಒಬ್ಬನಿಗೆ ಗಂಟು ಬಿಚ್ಚಲು ಬೇಜಾರಾಗಿತ್ತು.

ಅವಳು ಬರೆದು, ಹೊಸ ಸಾಲಿನ ಮೇಲೆ ಒತ್ತುಕಾಗದ ಒತ್ತಿದಳು. ನನ್ನ ಪಕ್ಕದಲ್ಲಿ ನಿಂತಿದ್ದ ಇವರು ಇದ್ದಕ್ಕಿದ್ದಂತೆ, "ಅಲ್ಲಿ ಸೊಳ್ಳೆ ಇಷ್ಟಿಷ್ಟು ದಪ್ಪ ಕಣೇ ಸಾವಂತ್ರಿ" ಎಂದರು. ಹೇಳಿ ತಾವೇ ಬೆಚ್ಚಿದರು. ಇಪ್ಪತ್ತಾರು ವರ್ಷ ಕಟ್ಟಿಹಾಕಿದ್ದ ಬಾಯಿಂದ ಬಂದ ಮೊದಲ ಮಾತು ಅದು. ನಾನು ನಗಲೋ ಅಳಲೋ ತಿಳಿಯದೆ ನಿಂತಿದ್ದಾಗಲೇ ಅವರು ಮೆಟ್ಟಿಲಿಳಿದು ನಡೆದುಬಿಟ್ಟಿದ್ದರು. ಹೊನ್ನಮ್ಮನ ಮನೆ ಕಡೆಗೆ. ನಾನು ಹಿಂದೆ ಓಡಿದೆ.

ಹೊನ್ನಮ್ಮ ಹಿತ್ತಿಲಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಎಪ್ಪತ್ತೊಂಬತ್ತು ವರ್ಷ. ಇವರು ಅವರ ಮುಂದೆ ನೆಲದ ಮೇಲೆ ಕೂತರು.

"ಅವ್ವ, ಭೈರೇಶ ಓಡೋಗ್ಲಿಲ್ಲ" ಎಂದರು. "ನನ್ ಕಣ್ಮುಂದೆ ಹೋದ."

ಆಕೆಯ ಕೈ ನಿಂತಿತು.

ಇವರು ಹೇಳಿದರು. ಗುಡಾರದ ಜನಕ್ಕೆ ನೀರು ಒಯ್ಯುತ್ತಿದ್ದ ಎರಡು ಲಾರಿ. ಭೈರೇಶನದು ಮುಂದೆ. ಮಳೆಗೆ ಕೊರೆದುಹೋದ ಒಂದು ತಿರುವಿನಲ್ಲಿ ಅವನು ತನ್ನ ಲಾರಿ ದಾಟಿಸಿ, ಇಳಿದು ಬಂದು, ಇವರ ಲಾರಿಗೆ ದಾರಿ ತೋರಿಸತೊಡಗಿದ. ಎದುರಿಗೆ ನಿಂತು, ಎರಡೂ ಕೈಯಿಂದ ಬಾ ಬಾ ಎನ್ನುತ್ತಾ, ಹಿಂದೆ ಹಿಂದೆ ಹೆಜ್ಜೆಯಿಡುತ್ತಾ. ಚಕ್ರಕ್ಕೆ ಜಾಗ ಸಾಲದೆಂದು ಒಂದು ಹೆಜ್ಜೆ ಪಕ್ಕಕ್ಕೆ ಸರಿದ. ಅಲ್ಲಿ ಮಣ್ಣಿನಡಿ ಸಿಡಿಮದ್ದು ಹೂತಿತ್ತು.

"ನನಗೆ ಜಾಗ ಬಿಡಕ್ಕೆ ಅಂತ ಸರಿದ ಅವ್ವ. ನನಗೋಸ್ಕರ. ಅಲ್ಲೇ ಮಣ್ಣು ಮಾಡಿದ್ವಿ, ಎಲ್ರೂ ನಿಂತು ಗೌರವ ಕೊಟ್ವಿ. ನಿಮಗೆ ಹೇಳ್ಬೇಕು ಅಂತ ಎಷ್ಟು ಸಲ..." ಮುಂದೆ ಅವರಿಗೆ ಮಾತು ಬರಲಿಲ್ಲ. ಈ ಸಲ ಅದು ಪುಸ್ತಕದ ತಡೆಯಾಗಿರಲಿಲ್ಲ.

ಹೊನ್ನಮ್ಮ ಹುಣಸೆಹಣ್ಣಿನ ಮೊರವನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಕೇಳಿದರು.

"ಅವತ್ತು ಉಂಡಿದ್ನಾ?"

"ಉಂಡಿದ್ದ ಅವ್ವ. ಅನ್ನ, ಬೇಳೆಸಾರು. ಎರಡನೇ ಸಲ ಹಾಕಿಸ್ಕೊಂಡ."

"ಹಸ್ದಿರಲಿಲ್ಲ ಹಂಗಾರೆ" ಎಂದರು. ಇವರ ತಲೆಯ ಮೇಲೆ ಹುಣಸೆಯ ಅಂಟು ಕೈಯನ್ನೇ ಇಟ್ಟರು. ಅಷ್ಟಕ್ಕೆ ಇಪ್ಪತ್ತಾರು ವರ್ಷ ಕಾಯಿಸಿದ್ದರು ಆ ತಾಯಿಯನ್ನು. ಮಗ ಹಸಿದು ಸತ್ತನೋ ಇಲ್ಲವೋ ಎಂದು ತಿಳಿಯುವುದಕ್ಕೆ.

ಆಮೇಲೆ ಎದ್ದು ಕೈ ತೊಳೆದುಕೊಂಡು ನನ್ನ ಕಡೆ ತಿರುಗಿದರು. "ಸಾವಂತ್ರವ್ವ, ಆ ಕಚೇರಿ ಬಾಗ್ಲು ಎಷ್ಟೊತ್ತಿಗೆ ತೆಗೀತಾರೆ?"

ಮಾರನೆಯ ದಿನ ಹತ್ತು ಗಂಟೆಗೆ ನಾವು ಮೂವರೂ ಮೇಜಿನ ಮುಂದಿದ್ದೆವು. ಭೈರೇಶನ ಪುಟ ತಿದ್ದಬೇಕೆಂದೆ. ಪದ್ಮನಾಭಯ್ಯ ನಿಟ್ಟುಸಿರುಬಿಟ್ಟು, "ಅದು ಬೇರೆ ಪ್ರಕರಣ. ಅರ್ಜಿದಾರರು ಖುದ್ದಾಗಿ ಹಾಜರಾಗಬೇಕಾಗುತ್ತೆ" ಎಂದರು. ತಾವು ಏನು ಹೇಳಿದೆವೆಂದು ಅವರ ಕಿವಿಗೇ ಬೀಳಲಿಲ್ಲ.

ನಾನು ಬಾಯಿ ತೆರೆಯುವ ಮೊದಲೇ ಲಲಿತಾಕ್ಷಿ ಎದ್ದು ಒಳಗೆ ಹೋದಳು. ಧೂಳು ಹಿಡಿದ ಒಂದು ಕಡತ ತಂದು, ನಿಂತೇ ತಿರುವಿದಳು. ಒಂದು ಹಾಳೆಯ ಹತ್ತಿರ ಅವಳ ಕೈ ನಿಂತಿತು. ಅವಳು ಅದನ್ನು ಅಧಿಕಾರಿಗೆ ಕೊಡಲಿಲ್ಲ, ನನ್ನ ಕೈಗೆ ಕೊಟ್ಟಳು. ಸೈನ್ಯದಿಂದ ಬಂದ ತಂತಿ. ಚಾಲಕ ಭೈರೇಶ ಮರುಂಬಾದಲ್ಲಿ ಕರ್ತವ್ಯದಲ್ಲಿದ್ದಾಗ ವೀರಮರಣ ಹೊಂದಿದ್ದಾರೆ, ತಾಯಿಗೆ ತಿಳಿಸುವುದು. ಇಪ್ಪತ್ತಾರು ವರ್ಷದ ಹಿಂದಿನ ತಾರೀಕು. ಅದರ ಅಂಚಿನಲ್ಲಿ ನೀಲಿ ಶಾಯಿಯ ಟಿಪ್ಪಣಿ: "ನಮ್ಮ ದಾಖಲೆಗೆ ತಾಳೆಯಾಗುವುದಿಲ್ಲ. ಕಡತಕ್ಕೆ ಸೇರಿಸಿ." ಡಿಪೋದಲ್ಲಿದ್ದವನು ಮರುಂಬಾದಲ್ಲಿ ಸಾಯುವಂತಿಲ್ಲ, ಮನೆಗೂ ಬರಲಿಲ್ಲವೆಂದರೆ ಓಡಿಹೋಗಿರಬೇಕು, ಅಷ್ಟೇ ಅವರ ಲೆಕ್ಕ.

ನಾನು ಅದನ್ನು ಗಟ್ಟಿಯಾಗಿ ಓದಿದೆ. ಸಾಲಿನ ಕೊನೆಯವರೆಗೂ ಕೇಳಲೆಂದು ಎರಡು ಸಲ ಓದಿದೆ. ಹೊನ್ನಮ್ಮನಿಗೆ ಕೊಡ ಮುಂದೆ ಬಿಡದಿದ್ದವರೂ ಆ ಸಾಲಿನಲ್ಲಿದ್ದರು. ಪದ್ಮನಾಭಯ್ಯ ಎದ್ದು ನಿಂತರು. ಲಲಿತಾಕ್ಷಿಯ ಕಡೆ ನೋಡಿ, "ಬರೆಯಮ್ಮ" ಎಂದಷ್ಟೇ ಅಂದರು. ಮೇಲಿನವರಿಗೆ ಕಳಿಸುವ ಮಾತು ಎತ್ತಲಿಲ್ಲ.

ಅವಳು ಹಳೆಯ ಸಾಲಿನ ಮೇಲೆ ಕೆಂಪು ಶಾಯಿಯಲ್ಲಿ ಗೆರೆಯೆಳೆದು, ಕೆಳಗೆ ಹೊಸದಾಗಿ ಬರೆದು, ಓದಿ ಹೇಳಿದಳು. ಹೊನ್ನಮ್ಮ ಮೇಜಿನ ಮೇಲೆ ಬಾಗಿದರು.

"ಓಡೋದ ಅಂತ ಬರ್ದಿದ್ದು ಎಲ್ಲಿ ತಾಯಿ?"

ಲಲಿತಾಕ್ಷಿ ತೋರಿಸಿದಳು. ಅಕ್ಷರ ಬಾರದ ಹೊನ್ನಮ್ಮ ಆ ಸಾಲಿನ ಮೇಲೆ ಬೆರಳಿಟ್ಟು, ಮೊದಲಿನಿಂದ ಕೊನೆಯವರೆಗೆ ಎಳೆದು ನೋಡಿದರು.

"ಇನ್ನೊಂದ್ ಗೆರೆ ಎಳಿ" ಎಂದರು. "ಇನ್ನೂ ಕಾಣುಸ್ತಾ ಐತೆ."